ದೇವರಿಗೆ ಬಿದ್ದ ಓಟು 41

ಅಧಿವೇಶನದ ದಿನಗಳಲ್ಲಿ ನಮ್ಮ ಪಾಗಾರದ ಆಚೆಗಿನ ಮಾಸ್ಟ್ರು ಬೆಳಿಗ್ಗೆ ಹನ್ನೊಂದಕ್ಕೆ ಟೀವಿ ಮುಂದೆ ಕೂರುತ್ತಾರೆ, ಹನ್ನೊಂದೂ ಕಾಲಿಗೆ ಎದ್ದು ಪಾಗಾರದ ಹತ್ತಿರ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ಲೋಕಸಭೆ ಸೇರಿ, ಗದ್ದಲವಾಗಿ, ಹನ್ನೆರಡು ಗಂಟೆಗೆ ಮುಂದಕ್ಕೆ ಹೋಗಿರುತ್ತದೆ.

"ಎಂತ ಮಾರಾಯ್ರೆ ಇದು," ಎಂದರು ಮೊನ್ನೆ. "ಮಾತಾಡ್ಲಿಕ್ಕೆ ಅಂತ ನಾವು ಕಳಿಸಿದ್ದು. ಇವರು ಮಾತಾಡುವುದೂ ಇಲ್ಲ, ಮಾತಾಡುವವರನ್ನು ಬಿಡುವುದೂ ಇಲ್ಲ. ನಾನು ಹೇಳುವುದು, ಮಾತೇ ಬೇಡ. ಯಾವ ಕಡೆಗೆ ಎಷ್ಟು ತಲೆ ಅಂತ ಮೊದಲೇ ಗೊತ್ತುಂಟಲ್ಲ? ಬಂದು ಬಟನ್ ಒತ್ತಿ ಹೋಗಲಿ. ಕರೆಂಟಾದರೂ ಉಳಿದೀತು."

"ಸೋಲುತ್ತೇನೆ ಅಂತ ಗೊತ್ತಿದ್ದೂ ಎದ್ದು ನಿಂತು ಮಾತಾಡುವವರು ಇರ್ತಾರಲ್ಲ, ಅವರನ್ನೇನು ಮಾಡುವುದು?"

"ಅವರು ಮೊದಲು ಮನೆಗೆ ಹೋಗಲಿ. ಸೋಲುವ ಮಾತಿಗೆ ಸರ್ಕಾರ ಯಾಕೆ ಭತ್ಯೆ ಕೊಡಬೇಕು?"

ಮಾಸ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಮಾರ್ಕು ಬೀಳದ ಉತ್ತರ ಅವರ ಮಟ್ಟಿಗೆ ಉತ್ತರವೇ ಅಲ್ಲ.

"ಹಾಗಾದರೆ ನಮ್ಮೂರಿನ ಕಾಮತರನ್ನು ನೀವು ಮೊದಲ ದಿನವೇ ರೈಲು ಹತ್ತಿಸುತ್ತಿದ್ದಿರಿ," ಎಂದೆ.

"ಯಾವ ಕಾಮತರು? ಕಾರ್‌ಸ್ಟ್ರೀಟಿನಲ್ಲಿ ಒಮ್ಮೆ ಕಾಮತರೇ ಅಂತ ಕರೆದರೆ ಹತ್ತು ಜನ ತಿರುಗಿ ನೋಡ್ತಾರೆ."

ಹರಿ ವಿಷ್ಣು ಕಾಮತ್, ಎಂದೆ. 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಪಾಸು ಮಾಡಿ ಮಧ್ಯಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದರು. 1938ರಲ್ಲಿ ಅದಕ್ಕೆ ರಾಜೀನಾಮೆ ಕೊಟ್ಟು ಸುಭಾಷ್ ಬೋಸರ ಹಿಂದೆ ಹೋದರು.

"ಐಸಿಎಸ್ ಬಿಟ್ಟರಾ?" ಮಾಸ್ಟ್ರ ಮುಖದಲ್ಲಿ ನೋವು ಕಾಣಿಸಿತು. "ಪೆನ್ಶನ್?"

ಪೆನ್ಶನ್ನಿನ ವಿಷಯ ಬಿಟ್ಟು ನಾನು ಮುಂದೆ ಹೋದೆ. ಸಂವಿಧಾನ ಸಭೆಗೆ ಕಾಮತರು ಬಂದದ್ದು ಮಧ್ಯಪ್ರಾಂತ್ಯ ಮತ್ತು ಬೇರಾರಿನಿಂದ. ಆಮೇಲೆ ನರ್ಮದಾ ತೀರದ ಹೋಶಂಗಾಬಾದಿನಿಂದ ಲೋಕಸಭೆಗೆ ಹೋದರು. ಸಂವಿಧಾನ ಸಭೆ ಎಂದರೆ ಬರೀ ಸಂವಿಧಾನ ಬರೆಯುವ ಕಮಿಟಿಯಲ್ಲ, ದೇಶದ ಕಾನೂನು ಮಾಡುವ ಸಭೆಯೂ ಅದೇ. 1950ರಿಂದ 1952ರ ತನಕ ಅದೇ ಹಂಗಾಮಿ ಸಂಸತ್ತಾಗಿ ಕೂತಿತು. ಇನ್ನೊಂದು ತಮಾಷೆ ಉಂಟು. ಆ ಸಂವಿಧಾನದ ಮೊತ್ತಮೊದಲ ಕರಡು ತಯಾರಿಸಿದ ಸಲಹೆಗಾರ ಬೆನಗಲ್ ನರಸಿಂಗ ರಾಯರು. ಅವರೂ ಈ ಊರಿನ ಕಡೆಯವರೇ, ಅವರೂ ಐಸಿಎಸ್.

"ಅಂದರೆ ಬರೆದವರೂ ನಮ್ಮವರು, ತಕರಾರು ತೆಗೆದವರೂ ನಮ್ಮವರು," ಎಂದು ಮಾಸ್ಟ್ರು ಎದೆ ಸ್ವಲ್ಪ ಮುಂದೆ ಮಾಡಿದರು. ಊರಿನ ಹೆಸರು ಬಂದರೆ ಭತ್ಯೆಯ ಪ್ರಶ್ನೆ ಬದಿಗೆ ಸರಿಯುತ್ತದೆ.

ತಕರಾರು ಶುರುವಾದದ್ದೇ ಜೋರಾಗಿ. 1948ರ ನವೆಂಬರ್ 4ರಂದು ಅಂಬೇಡ್ಕರ್ 315 ವಿಧಿ, 8 ಅನುಸೂಚಿಗಳ ಕರಡನ್ನು ಸಭೆಯ ಮುಂದಿಟ್ಟರು. ಮರುದಿನ ಕಾಮತರು ಎದ್ದರು. ನಮ್ಮ ಸಭೆಯ ಲಾಂಛನ ಆನೆ, ಬಹುಶಃ ಅದಕ್ಕೆ ಒಪ್ಪುವಂತೆಯೇ ನಮ್ಮ ಸಂವಿಧಾನವೂ ಜಗತ್ತಿನಲ್ಲೇ ದಪ್ಪಗಾಗಿದೆ ಎಂದರು. ಅದಾದ ಮೇಲೆ ನೇರವಾಗಿ ಹಳ್ಳಿಗೆ ಬಂದರು. ಹಿಂದಿನ ದಿನ ಅಂಬೇಡ್ಕರರು ಭಾರತದ ಹಳ್ಳಿಗಳನ್ನು ಅಜ್ಞಾನದ, ಸಂಕುಚಿತ ಬುದ್ಧಿಯ ಬಿಲಗಳೆಂದು ಖಾರವಾಗಿ ಹೇಳಿದ್ದರು. ಇದು ಪಟ್ಟಣದ ಬುದ್ಧಿವಂತರ ಧಾಟಿ, ಹಳ್ಳಿಯವರ ಬಗ್ಗೆ ನಮ್ಮ ಮನೋಭಾವ ಇದಾದರೆ ದೇವರೇ ಕಾಪಾಡಬೇಕು ಎಂದು ಕಾಮತರು ತಿರುಗಿಬಿದ್ದರು.

"ಸರಿಯಾಗಿಯೇ ಹೇಳಿದ್ದಾರೆ," ಎಂದರು ಮಾಸ್ಟ್ರು.

ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಳ್ಳಿಯ ಬಾವಿಯಿಂದ ಯಾರು ನೀರು ಸೇದಬಾರದಿತ್ತು ಎಂಬುದನ್ನು ಅಂಬೇಡ್ಕರರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಮತರ ಭಾಷಣದಲ್ಲಿ ಆ ಬಾವಿ ಕಾಣುವುದೇ ಇಲ್ಲ. ಆದರೂ ಅವರೂ ಇನ್ನೂ ಹಲವರೂ ಹಳ್ಳಿಯ ಪರವಾಗಿ ಹಟ ಹಿಡಿದದ್ದರಿಂದ ಆ ತಿಂಗಳು 22ಕ್ಕೆ ಕೆ. ಸಂತಾನಂ ಪಂಚಾಯಿತಿಗಳ ಬಗ್ಗೆ ಒಂದು ತಿದ್ದುಪಡಿ ತಂದರು, ಅಂಬೇಡ್ಕರರು ಮರುಮಾತಿಲ್ಲದೆ ಒಪ್ಪಿಕೊಂಡರು. ಈಗಿನ 40ನೇ ವಿಧಿ ಅದು.

"ಗೆದ್ದದ್ದು ಸಂತಾನಂ. ಕಾಮತರಿಗೆ ಸೊನ್ನೆ," ಎಂದು ಮಾಸ್ಟ್ರು ಮಾರ್ಕು ಹಾಕಿದರು.

ಈ ಲೆಕ್ಕದ ಮಾಸ್ಟ್ರಿಗೆ ಅಂಕಿಯಿಂದಲೇ ಉತ್ತರ ಕೊಡಬೇಕು ಅನಿಸಿತು. "ಸೊನ್ನೆಯಲ್ಲ, 41," ಎಂದೆ.

"ಎಂತದ್ದು 41?"

"ದೇವರಿಗೆ ಬಿದ್ದ ಓಟು."

ಮಾಸ್ಟ್ರು ಪಾಗಾರದ ಮೇಲೆ ಎರಡೂ ಕೈ ಊರಿದರು. ಇನ್ನು ಅರ್ಧ ಗಂಟೆ ಹೋಗುವವರಲ್ಲ ಎಂದು ಅದರ ಅರ್ಥ.

1949ರ ಅಕ್ಟೋಬರ್ 17. ಪ್ರಸ್ತಾವನೆಯ ಮೇಲೆ ಚರ್ಚೆ. ಸಂವಿಧಾನದ ಆರಂಭದಲ್ಲೇ 'ದೇವರ ಹೆಸರಿನಲ್ಲಿ' ಎಂದು ಸೇರಿಸಬೇಕು, ಅದರ ನಂತರ 'ಭಾರತದ ಪ್ರಜೆಗಳಾದ ನಾವು' ಬರಲಿ ಎಂದು ಕಾಮತರು ತಿದ್ದುಪಡಿ ಮಂಡಿಸಿದರು. ಗೀತೆಯ ಶ್ಲೋಕ ಹೇಳಿ, ಮಾಡಿದ್ದನ್ನೆಲ್ಲ ದೇವರಿಗೆ ಅರ್ಪಿಸುವ ಪದ್ಧತಿಯನ್ನು ನೆನಪಿಸಿದರು. ಅಡ್ಡಿ ಬರಲಿಕ್ಕಿಲ್ಲ ಎಂದುಕೊಂಡಿದ್ದರೋ ಏನೋ. ಆದರೆ ಸಭೆಗೆ ಪೇಚಾಟಕ್ಕಿಟ್ಟುಕೊಂಡಿತು. ದೇವರನ್ನು ಬೇಡ ಅನ್ನುವುದು ಹೇಗೆ? ಬೇಕು ಅಂದರೆ ನಂಬದವನ ಗತಿಯೇನು? ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೆ ತಾವು ಆಸ್ತಿಕರೇ ಆದರೂ ಇದನ್ನು ವಿರೋಧಿಸಿದರು. ನಂಬುವುದೂ ಬಿಡುವುದೂ ಒಬ್ಬೊಬ್ಬರ ಹಕ್ಕು, ಇದು ಬಲವಂತವಾಗುತ್ತದೆ ಎಂದರು. ಹೃದಯನಾಥ ಕುಂಜ್ರು ಅವರಿಗೆ ಮನಸ್ಸಿನ ಒಳಗಿನ ಪವಿತ್ರ ವಿಷಯವೊಂದನ್ನು ಚರ್ಚೆಯ ಅಂಗಳಕ್ಕೆ ಎಳೆದದ್ದೇ ಸರಿಬರಲಿಲ್ಲ. ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡದ್ದು ಇಷ್ಟೇ: ದೇವರ ಮೇಲೆ ಓಟು ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ.

"ಹೆಂಗಸರಿಗೇ ಬುದ್ಧಿ ಜಾಸ್ತಿ," ಎಂದರು ಮಾಸ್ಟ್ರು, ತಮ್ಮ ಹೆಂಡತಿ ಟೀಚರಕ್ಕ ಬಟ್ಟೆ ಒಣಗಿಸುತ್ತಿದ್ದ ಕಡೆ ಒಮ್ಮೆ ನೋಡಿ. ಟೀಚರಕ್ಕ ಕೇಳದವರ ಹಾಗೆ ಲುಂಗಿ ಕೊಡವಿದರು.

ಅಲ್ಲಿಗೆ ಮುಗಿಯಲಿಲ್ಲ. ಅಸ್ಸಾಮಿನ ರೋಹಿಣಿ ಕುಮಾರ್ ಚೌಧರಿ ಎದ್ದು, ನಾವು ಕಾಮಾಖ್ಯೆಯ ಕಾಮರೂಪದವರು, ದೇವರು ಅಂದರೆ ಸಾಲದು, 'ದೇವಿಯ ಹೆಸರಿನಲ್ಲಿ' ಎಂದಾಗಲಿ ಎಂದರು. ಗೋವಿಂದ ಮಾಳವೀಯರಿಗೆ ಪರಮೇಶ್ವರನ ಕೃಪೆ ಬೇಕಿತ್ತು. ಶಿಬ್ಬನ್ ಲಾಲ್ ಸಕ್ಸೇನಾ ದೇವರ ಜೊತೆಗೆ ಗಾಂಧೀಜಿಯವರ ಹೆಸರನ್ನೂ ಸೇರಿಸಲು ಹೊರಟರು. ಅದಕ್ಕೆ ಬ್ರಜೇಶ್ವರ ಪ್ರಸಾದ್, ಇದು ಗಾಂಧಿಯ ಸಂವಿಧಾನವೇ ಅಲ್ಲ, ಈ ಕೊಳೆತ ಸಂವಿಧಾನದಲ್ಲಿ ಅವರ ಹೆಸರು ತರಬೇಡಿ ಎಂದು ಸಿಡಿದರು. ಆ ಸಂವಿಧಾನವನ್ನು ಬರೆಯುತ್ತಾ ಮೂರು ವರ್ಷ ಕೂತಿದ್ದ ಸಭೆಯಲ್ಲೇ, ಅದರ ಸದಸ್ಯರೊಬ್ಬರೇ ಹೇಳಿದ ಮಾತದು. ಇವತ್ತು ಅಂದಿದ್ದರೆ ಸಂಜೆಯ ಚಾನೆಲ್ಲುಗಳಿಗೆ ವಾರಕ್ಕಾಗುವಷ್ಟು ಕೆಲಸ.

ಹಿಂತೆಗೆದುಕೊಳ್ಳಿ ಎಂದು ಎಷ್ಟು ಹೇಳಿದರೂ ಕಾಮತರು ಕೇಳಲಿಲ್ಲ. ಕೈ ಎತ್ತಿಸಿ ಎಣಿಸಿದರು. ಪರ 41, ವಿರುದ್ಧ 68. ಇದು ನಮ್ಮ ಇತಿಹಾಸದಲ್ಲಿ ಕರಾಳ ದಿನ, ಭಾರತವನ್ನು ದೇವರೇ ಕಾಪಾಡಲಿ ಎಂದರು ಕಾಮತರು.

ಮಾಸ್ಟ್ರು ಕೂಡಲೇ ಲೆಕ್ಕ ಹಾಕಿದರು. "27 ಓಟಿನಿಂದ ಸೋತ ದೇವರೇ ಆಮೇಲೆ ಕಾಪಾಡ್ಲಿಕ್ಕೂ ಬರಬೇಕಾ?"

ನಗು ಬಂತು. ಆದರೆ ದೇವರು ಪೂರಾ ಹೊರಗುಳಿಯಲಿಲ್ಲ. ಇವತ್ತಿಗೂ ಮಂತ್ರಿಗಳು ಪ್ರಮಾಣವಚನ ತೆಗೆದುಕೊಳ್ಳುವಾಗ ಕೆಲವರು ದೇವರ ಹೆಸರಿನಲ್ಲಿ ಅನ್ನುತ್ತಾರೆ, ಕೆಲವರು ಮನಃಪೂರ್ವಕವಾಗಿ ದೃಢೀಕರಿಸುತ್ತಾರೆ. ಆ ಎರಡು ದಾರಿ ಇಟ್ಟದ್ದು ಅದೇ ಸಭೆ. ಆ ಪ್ರಮಾಣವಚನದ ಚರ್ಚೆಯಲ್ಲಿ ದೇವರ ಪರ ಮಾತಾಡಿದವರಲ್ಲಿ ಮಹಾವೀರ ತ್ಯಾಗಿ, ಕಾಮತರು ಇಬ್ಬರೂ ಇದ್ದರು. ಪ್ರಸ್ತಾವನೆಯ ವಿಷಯದಲ್ಲಿ ಮಾತ್ರ ಸಭೆ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಕಾಮತರು ನಮ್ಮೂರಿನವರು ಎಂಬ ಕಾರಣಕ್ಕೆ 41ರ ಕಡೆ ಕೈ ಎತ್ತಲು ನನ್ನಿಂದಾಗದು.

"ಇದಿಷ್ಟೇ ಆದರೆ ನಾನು ಹೇಳಿದ್ದೇ ಸರಿಯಾಯ್ತಲ್ಲ," ಮಾಸ್ಟ್ರು ಬಿಡಲಿಲ್ಲ. "ಇಡೀ ಒಂದು ಬೆಳಿಗ್ಗೆ ಹಾಳು."

ಆಗ ನಾನು ಆಗಸ್ಟಿಗೆ ಬಂದೆ. ಕಾಮತರ ಬಗ್ಗೆ ಮಾತಾಡುವುದಿದ್ದರೆ ನಿಜವಾಗಿ ಅಲ್ಲಿಂದಲೇ ಶುರು ಮಾಡಬೇಕು, ಆದರೆ ದೇವರು ಅಡ್ಡ ಬಂದುಬಿಟ್ಟ.

ಅದೇ 1949ರ ಆಗಸ್ಟ್ ಮೊದಲ ವಾರ ತುರ್ತು ಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದವು. ದೇಶ ಒಡೆದು ಎರಡೇ ವರ್ಷ. ನಿರಾಶ್ರಿತರು, ಕಾಶ್ಮೀರ, ತೆಲಂಗಾಣ ಎಲ್ಲವೂ ತಲೆಯ ಮೇಲೆ. ಕೇಂದ್ರದ ಕೈ ಬಲವಾಗಿರಬೇಕು ಎಂದು ಹೆಚ್ಚಿನವರಿಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ. ಕಾಮತರು ಎದ್ದು, ಬೇರೆ ಯಾವ ಪ್ರಜಾಪ್ರಭುತ್ವದ ಸಂವಿಧಾನದಲ್ಲೂ ಇಂಥ ಅಧ್ಯಾಯ ನನಗೆ ಸಿಗಲಿಲ್ಲ ಎಂದರು. ಹತ್ತಿರ ಬರುವುದೊಂದೇ, ಜರ್ಮನಿಯ ವೈಮಾರ್ ಸಂವಿಧಾನ. ಅದರ ಇಂಥದೇ ವಿಧಿಗಳನ್ನು ಹಿಡಿದುಕೊಂಡೇ ಹಿಟ್ಲರ್ ಅದನ್ನು ಮುಗಿಸಿದ. ಈ ಒಂದು ಅಧ್ಯಾಯದಿಂದ ನಾವು ಪೊಲೀಸ್ ರಾಜ್ಯಕ್ಕೆ ಅಡಿಪಾಯ ಹಾಕುತ್ತಿದ್ದೇವೆ ಎಂದು ಎಚ್ಚರಿಸಿದರು. ಕೋರ್ಟಿಗೆ ಹೋಗುವ ಹಕ್ಕನ್ನೇ ತಡೆಹಿಡಿಯಬಹುದಾದ ವಿಧಿ 20ನೇ ತಾರೀಕು ಪಾಸಾದಾಗ, ಇದು ನಾಚಿಕೆಯ, ದುಃಖದ ದಿನ ಎಂದರು.

"ದೇವರೇ ಕಾಪಾಡಲಿ ಅನ್ನಲಿಲ್ಲವಾ?"

"ಅದನ್ನೂ ಅಂದರು."

1975ರ ಜೂನ್ 25ರ ರಾತ್ರಿ ಆ ಅಧ್ಯಾಯ ಎದ್ದು ಬಂತು. ಮರುವರ್ಷ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ಬಂಧನದಲ್ಲಿದ್ದವರು ಬಿಡುಗಡೆ ಕೇಳಿ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ ಎಂದಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಬೇರೆ ಬರೆದರು. ಆ ಮೊಕದ್ದಮೆಯ ಹೆಸರಲ್ಲಿರುವ ಊರು ಜಬಲ್ಪುರ, ಕಾಮತರು ಅಧಿಕಾರಿಯಾಗಿದ್ದ ಅದೇ ಸೀಮೆ. 1977ರಲ್ಲಿ ಹೋಶಂಗಾಬಾದಿನ ಮತದಾರರು ಜನತಾ ಪಕ್ಷದಿಂದ ಕಾಮತರನ್ನೇ ಮತ್ತೆ ಲೋಕಸಭೆಗೆ ಕಳಿಸಿದರು. ವಯಸ್ಸು ಎಪ್ಪತ್ತರ ಹತ್ತಿರ. ಆ ಲೋಕಸಭೆಯ ಕಾಲದಲ್ಲೇ 44ನೇ ತಿದ್ದುಪಡಿ ಬಂತು. ಒಳಗಿನ 'ಗಲಭೆ' ಎಂಬ ನೆಪ ಹೋಗಿ 'ಸಶಸ್ತ್ರ ಬಂಡಾಯ' ಬಂತು. ಸಂಪುಟದ ತೀರ್ಮಾನ ಬರಹದಲ್ಲಿ ಇಲ್ಲದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಸಾರುವಂತಿಲ್ಲ ಎಂದಾಯಿತು. ಜೀವದ ಹಕ್ಕನ್ನು ಯಾವ ಕಾಲಕ್ಕೂ ತಡೆಹಿಡಿಯುವಂತಿಲ್ಲ ಎಂದಾಯಿತು. 1949ರಲ್ಲಿ ಎದುರು ನಿಂತು ಸೋತವರು ಅದನ್ನು ತಿದ್ದಿದ ಸದನದಲ್ಲಿ ಒಂದು ಸೀಟಿನಲ್ಲಿ ಕೂತಿದ್ದರು.

ಮಾಸ್ಟ್ರು ಸುಮ್ಮನಾದರು. ಒಳ್ಳೆಯ ಸಮಯ ನೋಡಿ ನಾನು 356ನ್ನು ತೆಗೆದೆ.

ರಾಜ್ಯ ಸರ್ಕಾರವನ್ನು ಕಿತ್ತು ರಾಷ್ಟ್ರಪತಿ ಆಡಳಿತ ಹೇರುವ ವಿಧಿ. ರಾಜ್ಯಪಾಲರ ವರದಿಯಿಂದ 'ಅಥವಾ ಬೇರೆ ರೀತಿಯಿಂದ' ರಾಷ್ಟ್ರಪತಿಗೆ ಮನವರಿಕೆಯಾದರೆ ಸಾಕು ಎಂದು ಅದರಲ್ಲುಂಟು. ಆ 'ಬೇರೆ ರೀತಿ' ಕಾಮತರ ಗಂಟಲಲ್ಲಿ ಸಿಕ್ಕಿಕೊಂಡಿತು. ರಾಜ್ಯಪಾಲರು ನೀವೇ ನೇಮಿಸಿದ ಮನುಷ್ಯ, ಅವರ ಮೇಲೂ ನಿಮಗೆ ನಂಬಿಕೆಯಿಲ್ಲವೇ ಎಂಬ ಧಾಟಿಯಲ್ಲಿ ಹರಿಹಾಯ್ದರು. ಇದು ಕಿಡಿಗೇಡಿ ಪದ, ಸೈತಾನನ ಪದ, ಇದನ್ನು ತೆಗೆಸಲು ದೇವರು ಇವತ್ತು ಬಾರದಿದ್ದರೆ ಸ್ಥಿತಿ ಇನ್ನೂ ಬಿಗಡಾಯಿಸಿದ ಮೇಲೆ ಒಂದು ದಿನ ಬಂದೇ ಬರುತ್ತಾನೆ ಎಂದರು. ಅಂಬೇಡ್ಕರರು ಪದವನ್ನು ಬಿಡಲಿಲ್ಲ. ರಾಜ್ಯಗಳನ್ನು ಕಾಪಾಡುವ ಹೊಣೆಯನ್ನು ಕೇಂದ್ರಕ್ಕೆ ಕೊಟ್ಟ ಮೇಲೆ ರಾಜ್ಯಪಾಲರ ಕಾಗದಕ್ಕೇ ಅದನ್ನು ಕಟ್ಟಿಹಾಕಬಾರದು ಎಂಬುದು ಅವರ ವಾದ. ಜೊತೆಗೆ, ಇಂಥ ವಿಧಿಗಳನ್ನು ಎಂದೂ ಬಳಸುವ ಪ್ರಸಂಗ ಬರದೆ ಅವು ಸತ್ತ ಅಕ್ಷರಗಳಾಗಿ ಉಳಿಯಲಿ ಎಂದು ಆಶಿಸಿದರು.

1951ರಲ್ಲೇ ಪಂಜಾಬಿನಲ್ಲಿ ಸತ್ತ ಅಕ್ಷರಕ್ಕೆ ಜೀವ ಬಂತು. ಇದುವರೆಗೆ ನೂರಕ್ಕೂ ಹೆಚ್ಚು ಸಲ ಬಂದಿದೆ. ಅಂಬೇಡ್ಕರ್ ತೀರಿಕೊಂಡರು, ವಿಧಿ ಮಾತ್ರ ಚೆನ್ನಾಗಿ ಬದುಕಿದೆ ಎಂದು ಕಾಮತರು ಮುಂದೆ ಅಂದ ಮಾತು ವಕೀಲರ ಬಾಯಲ್ಲಿ ಇನ್ನೂ ಓಡಾಡುತ್ತದೆ.

"ಅದೆಲ್ಲ ಸರಿ. ಆ 'ಬೇರೆ ರೀತಿ' ಯಾವಾಗಲಾದರೂ ಉಪಯೋಗಕ್ಕೆ ಬಂತಾ?" ಮಾಸ್ಟ್ರು ಪ್ರಮೇಯಕ್ಕೆ ಸಾಧನೆ ಕೇಳುವ ದನಿಯಲ್ಲಿ ಕೇಳಿದರು.

ಬಂತು. 1991ರ ಜನವರಿ 30, ತಮಿಳುನಾಡು. ದಿಲ್ಲಿಯಲ್ಲಿ ಚಂದ್ರಶೇಖರ್ ಸರ್ಕಾರ, ಚೆನ್ನೈಯಲ್ಲಿ ಕರುಣಾನಿಧಿ ಸರ್ಕಾರ. ಅದನ್ನು ವಜಾ ಮಾಡಲು ಬೇಕಾದ ವರದಿಯನ್ನು ರಾಜ್ಯಪಾಲ ಸುರ್ಜಿತ್ ಸಿಂಗ್ ಬರ್ನಾಲಾ ಕೊಡಲೇ ಇಲ್ಲ. ನಾಲ್ಕು ವರ್ಷ ಹಿಂದೆ ಪಂಜಾಬಿನ ಮುಖ್ಯಮಂತ್ರಿಯಾಗಿದ್ದಾಗ ಅವರ ಸರ್ಕಾರವನ್ನೇ ಇದೇ ವಿಧಿಯಡಿ ಕಿತ್ತಿದ್ದರು; ಅದರ ರುಚಿ ಬಲ್ಲವರು. ವರದಿ ಇಲ್ಲದೆಯೂ ಸರ್ಕಾರ ಹೋಯಿತು. ಕಾಮತರು ತೀರಿಕೊಂಡು ಆಗಲೇ ವರ್ಷಗಳಾಗಿದ್ದವು.

ನಮ್ಮ ಕರ್ನಾಟಕದ ಕತೆಯಂತೂ ಮಾಸ್ಟ್ರಿಗೇ ಗೊತ್ತುಂಟು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದರು. ಅಲ್ಲಿ ರಾಜ್ಯಪಾಲ ವೆಂಕಟಸುಬ್ಬಯ್ಯನವರ ವರದಿ ಇತ್ತು, 19 ಶಾಸಕರ ಪತ್ರಗಳ ಮೇಲೆ ಬರೆದದ್ದು. ಅವರಲ್ಲಿ ಕೆಲವರು ಆಮೇಲೆ ಹಿಂದೆ ಸರಿದಿದ್ದರು. ವಿಧಾನಸಭೆ ಕರೆದು ಬಲ ನೋಡಿ ಎಂದು ಬೊಮ್ಮಾಯಿ ಕೇಳಿಕೊಂಡದ್ದು ಗಾಳಿಗೆ ಹೋಯಿತು. ಐದು ವರ್ಷ ಕಳೆದು 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು: ಬಹುಮತ ಇದೆಯೋ ಇಲ್ಲವೋ ತಿಳಿಯುವ ಜಾಗ ಸದನ, ರಾಜಭವನವಲ್ಲ, ರಾಷ್ಟ್ರಪತಿ ಆಡಳಿತದ ಘೋಷಣೆಯನ್ನು ಕೋರ್ಟು ತೂಗಿ ನೋಡಬಹುದು, ಬೊಮ್ಮಾಯಿ ಸರ್ಕಾರದ ವಜಾ ಸಂವಿಧಾನಬಾಹಿರ. ಬೊಮ್ಮಾಯಿಯವರಿಗೆ ಕುರ್ಚಿ ತಿರುಗಿ ಸಿಗಲಿಲ್ಲ. ಹೆಸರು ಮಾತ್ರ ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಕೂತಿತು.

"ಎಷ್ಟು ಜನ ಜಡ್ಜರು?"

"ಒಂಬತ್ತು."

"ನವಗ್ರಹ ಮಾರಾಯ್ರೆ!" ಮಾಸ್ಟ್ರು ಪಾಗಾರಕ್ಕೆ ಒಂದು ಗುದ್ದು ಹಾಕಿದರು. "ದೇವರು ಒಂದು ದಿನ ಬರ್ತಾನೆ ಅಂದಿದ್ದರಲ್ಲ, ಬಂದ ನೋಡಿ!"

ಹೀಗೆ ಅವರೇ ದಾರಿಗೆ ಬಂದದ್ದರಿಂದ ನಾನು ಕೊನೆಯ ಸಾಕ್ಷಿಯನ್ನು ಕರೆದೆ. 1949ರ ನವೆಂಬರ್ 25, ಅಂಬೇಡ್ಕರರ ಪ್ರಸಿದ್ಧ ಭಾಷಣ. ಅದರ ಕೊನೆಯ ಎಚ್ಚರಿಕೆಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ಮೊದಲಿನ ಲೆಕ್ಕಪತ್ರವನ್ನು ಓದುವವರು ಕಡಿಮೆ. ಬಂದ ತಿದ್ದುಪಡಿಗಳು ಸುಮಾರು 7,635, ಸಭೆಯಲ್ಲಿ ಮಂಡನೆಯಾದದ್ದು 2,473. (ಇದರಲ್ಲಿ ಒಳ್ಳೆಯ ಪಾಲು ನಜೀರುದ್ದೀನ್ ಅಹ್ಮದರದು. ಅಲ್ಪವಿರಾಮವನ್ನೂ ಬಿಡದ ಮಹಾನುಭಾವರು. ಕರಡು ಸಮಿತಿಯನ್ನು ದಿಕ್ಕಿಲ್ಲದೆ ತೇಲುವ ಸಮಿತಿ ಎಂದು ಹಂಗಿಸಿ, ಅದಕ್ಕೂ ಅಂಬೇಡ್ಕರರಿಂದ ಆ ದಿನವೇ ಉತ್ತರ ಪಡೆದವರು.) ಅದಾದ ಮೇಲೆ ಅಂಬೇಡ್ಕರ್ ಹೇಳಿದ್ದು: ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಇದು ಹೌದಪ್ಪಗಳ ಸಭೆಯಾಗುತ್ತಿತ್ತು, ಪುಣ್ಯಕ್ಕೆ ಬಂಡಾಯಗಾರರಿದ್ದರು. ಹೆಸರು ಹೇಳಿದರು. ಮೊದಲ ಹೆಸರು ಕಾಮತ್. ಆಮೇಲೆ ಪಿ.ಎಸ್. ದೇಶಮುಖ್, ಸಿಧ್ವಾ, ಸಕ್ಸೇನಾ, ಠಾಕುರ್ ದಾಸ್ ಭಾರ್ಗವ, ಕೆ.ಟಿ. ಶಾ, ಕುಂಜ್ರು. ಇವರ ಸಲಹೆಗಳನ್ನು ನಾನು ಒಪ್ಪಲಿಲ್ಲ ಎಂದ ಮಾತ್ರಕ್ಕೆ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ, ಅವರಿಲ್ಲದಿದ್ದರೆ ಸಂವಿಧಾನದ ಹಿಂದಿನ ತತ್ವಗಳನ್ನು ಬಿಡಿಸಿ ಹೇಳುವ ಅವಕಾಶವೇ ನನಗೆ ಸಿಗುತ್ತಿರಲಿಲ್ಲ ಎಂದು ಕೃತಜ್ಞತೆ ಹೇಳಿದರು.

ಒಂದು ವರ್ಷಕ್ಕೂ ಮಿಕ್ಕಿ ತಮ್ಮ ತಲೆ ತಿಂದ ಮನುಷ್ಯನ ಬಗ್ಗೆ ಹೇಳಿದ ಮಾತಿದು. ಕೋರ್ಟುಗಳು ಇವತ್ತಿಗೂ ಒಂದು ವಿಧಿಯ ಉದ್ದೇಶ ಏನಿತ್ತು ಎಂದು ಸಂವಿಧಾನ ಸಭೆಯ ಚರ್ಚೆಗಳ ಹನ್ನೆರಡು ಸಂಪುಟ ತಿರುವುವಾಗ ಸಿಗುವುದು ಅಂಬೇಡ್ಕರರ ಉತ್ತರ. ಆ ಉತ್ತರ ಹುಟ್ಟಿದ್ದು ಇಂಥವರ ಪ್ರಶ್ನೆಗೆ.

"ಈಗ ಯಾಕೆ ಅಂಥವರು ಇಲ್ಲ?" ಎಂದರು ಮಾಸ್ಟ್ರು.

ಇರಬಹುದು, ಮೈಕು ಸಿಗಬೇಕಲ್ಲ. ಚರ್ಚೆಯ ಸಮಯವನ್ನು ಪಕ್ಷಗಳಿಗೆ ತಲೆಯೆಣಿಕೆಯಲ್ಲಿ ಹಂಚುತ್ತಾರೆ, ಯಾರು ಮಾತಾಡಬೇಕೆಂದು ಪಕ್ಷ ಚೀಟಿ ಕೊಡುತ್ತದೆ. 1985ರ ಪಕ್ಷಾಂತರ ನಿಷೇಧದ ನಂತರ ವಿಪ್ ಮೀರಿ ಓಟು ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಶಾಸಕರನ್ನು ಖರೀದಿಸುವ ಸಂತೆ ನಿಲ್ಲಿಸಲು ತಂದ ಕಾನೂನು. ಸಂತೆ ರೆಸಾರ್ಟಿಗೆ ಸ್ಥಳಾಂತರವಾಯಿತು, ಬಂಡಾಯಗಾರನ ಬಾಯಿ ಕಟ್ಟಿತು. ಸದಸ್ಯರು ಸ್ವಂತವಾಗಿ ಮಸೂದೆ ತರಲು ಶುಕ್ರವಾರದ ಮಧ್ಯಾಹ್ನ ಅಂತ ಒಂದುಂಟು. ಅಂಥ ಖಾಸಗಿ ಮಸೂದೆ ಕೊನೆಯ ಸಲ ಕಾನೂನಾದದ್ದು 1970ರಲ್ಲಿ.

"ಹಾಗಾದರೆ ನಾನು ಹೇಳಿದ ಬಟನ್ ಪದ್ಧತಿ ಬಂದೇಬಿಟ್ಟಿದೆ ಅನ್ನಿ," ಎಂದು ಮಾಸ್ಟ್ರು ತಮ್ಮ ಗೆಲುವಿಗೆ ತಾವೇ ಬೇಸರಪಟ್ಟುಕೊಂಡರು.

ಒಳಗೆ ಟೀವಿಯಲ್ಲಿ ಹನ್ನೆರಡರ ಗದ್ದಲ ಶುರುವಾಗಿತ್ತು. ಹೋಗುವ ಮೊದಲು ಒಂದು ಕೇಳಿದೆ: "ಆ ದಿನ ನೀವು ಇದ್ದಿದ್ದರೆ ಕೈ ಯಾವ ಕಡೆಗೆ?"

ಮಾಸ್ಟ್ರು ಯೋಚಿಸಿದರು. "ಆಗಸ್ಟಿನಲ್ಲಿ ಕಾಮತರ ಕಡೆ. ಅಕ್ಟೋಬರಿನಲ್ಲಿ 68ರ ಕಡೆ. ದೇವರಿಗೆ ನನ್ನ ಓಟು ಬೇಕಾಗಿಲ್ಲ ಮಾರಾಯ್ರೆ."

"ನನ್ನದು ಆ ಅಸ್ಸಾಮಿನವರಿಗೆ," ಎಂದರು ಟೀಚರಕ್ಕ ಬಟ್ಟೆಯ ಹಗ್ಗದ ಹಿಂದಿನಿಂದ.